ಎಚ್‌ಐವಿ ರ‍್ಯಾಪಿಡ್ ಟೆಸ್ಟ್: ಸೋಂಕಿನ ಆರಂಭದಲ್ಲಿ ಎಷ್ಟು ನಂಬಬಹುದು? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆ ಎಚ್‌ಐವಿ ಟೆಸ್ಟ್ ಬಗ್ಗೆ ವಿಚಾರಿಸುವವರು ಮೊದಲು ಕೇಳುವುದು "ಯಾವ ಕಿಟ್ ಒಳ್ಳೇದು?" ಎಂದು. ಕಿಟ್‌ಗಿಂತ ಮುಖ್ಯವಾದದ್ದು ತಾರೀಕು. ಅಪಾಯದ ಘಟನೆ ನಡೆದು ಎಷ್ಟು ದಿನ ಆಯ್ತು ಅನ್ನುವುದನ್ನು ಪಕ್ಕಕ್ಕೆ ಇಟ್ಟರೆ ಯಾವ ರಿಪೋರ್ಟನ್ನೂ ಸರಿಯಾಗಿ ಓದಲು ಆಗುವುದಿಲ್ಲ. ನಿಮ್ಮ ತಾರೀಕನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಮುಂದೆ ಓದಿ.

ಮೊನ್ನೆ ರಾತ್ರಿ ಕಾಂಡೋಮ್ ಇಲ್ಲದೆ ಸಂಪರ್ಕ ಆಯ್ತು. ಇವತ್ತೇ ಟೆಸ್ಟ್ ಮಾಡಿಸಲಾ?

ಇವತ್ತಿನ ಟೆಸ್ಟ್ ಮೊನ್ನೆಯ ಬಗ್ಗೆ ಏನೂ ಹೇಳುವುದಿಲ್ಲ. ಆದರೆ ಇವತ್ತೇ ಮಾಡಬೇಕಾದ ಬೇರೆ ಕೆಲಸ ಇದೆ. 72 ಗಂಟೆ ಒಳಗಿದ್ದರೆ ಸೋಂಕು ತಗುಲದಂತೆ ತಡೆಯುವ ಮಾತ್ರೆ ಇದೆ. ಅದಕ್ಕೆ ಪೆಪ್ ಎನ್ನುತ್ತಾರೆ. 28 ದಿನ ತಪ್ಪದೆ ನುಂಗಬೇಕು. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು, 72 ಗಂಟೆ ಮೀರಿದರೆ ಉಪಯೋಗ ಇಲ್ಲ. ಹಾಗಾಗಿ ಲ್ಯಾಬ್ ಹುಡುಕುತ್ತಾ ಕೂರಬೇಡಿ. ಮೈಸೂರಿನಲ್ಲಿದ್ದರೆ ದೊಡ್ಡಾಸ್ಪತ್ರೆಗೆ, ಅಂದರೆ ಕೆ.ಆರ್. ಆಸ್ಪತ್ರೆಗೆ, ಮಂಡ್ಯದಲ್ಲಿದ್ದರೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್‌ಗೆ ಹೋಗಿ, ಡಾಕ್ಟರ ಹತ್ತಿರ "ಪೆಪ್ ಬೇಕಾ ನೋಡಿ" ಅಂತ ನೇರವಾಗಿ ಕೇಳಿ. ರಾತ್ರಿ ಆಗಿದ್ದರೆ ಕ್ಯಾಷುಯಾಲ್ಟಿ ತೆರೆದಿರುತ್ತದೆ. ಬೆಳಗಾಗಲಿ ಎಂದು ಕಾಯಬೇಡಿ. ಅತ್ಯಾಚಾರಕ್ಕೆ ಒಳಗಾದವರಿಗೆ, ಸೂಜಿ ಚುಚ್ಚಿಕೊಂಡ ಆಸ್ಪತ್ರೆ ಸಿಬ್ಬಂದಿಗೂ ಇದೇ ಮಾತು.

ಪೆಪ್ ಕೊಡುವ ಮೊದಲು ಹೇಗೂ ಬೆರಳು ಚುಚ್ಚಿ ಕೆಲವೇ ನಿಮಿಷಕ್ಕೆ ಫಲಿತಾಂಶ ಕೊಡುವ ಒಂದು ರ‍್ಯಾಪಿಡ್ ಟೆಸ್ಟ್ ಮಾಡುತ್ತಾರೆ. ಅದು ಹಳೆಯ ಸೋಂಕು ಏನಾದರೂ ಇದೆಯಾ ಎಂದು ನೋಡುವುದಕ್ಕೆ. ಅದು ನೆಗೆಟಿವ್ ಬಂತು ಅಂತ ಮಾತ್ರೆ ಬಿಟ್ಟುಬಿಡುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ರ‍್ಯಾಪಿಡ್ ಟೆಸ್ಟ್ ರಕ್ತದಲ್ಲಿ ಹುಡುಕುವುದು ವೈರಸ್ಸನ್ನೇ ಅಲ್ವಾ?

ಅಲ್ಲ. ನಮ್ಮಲ್ಲಿ ಬಳಕೆಯಲ್ಲಿರುವ ಹೆಚ್ಚಿನ ರ‍್ಯಾಪಿಡ್ ಕಾರ್ಡ್‌ಗಳು ಹುಡುಕುವುದು ಆಂಟಿಬಾಡಿಯನ್ನು, ಅಂದರೆ ವೈರಸ್ ವಿರುದ್ಧ ನಿಮ್ಮ ದೇಹವೇ ತಯಾರು ಮಾಡುವ ಪ್ರೋಟೀನನ್ನು. ವೈರಸ್ ಒಳಗೆ ಬಂದ ದಿನವೇ ಆಂಟಿಬಾಡಿ ಹುಟ್ಟುವುದಿಲ್ಲ. ಕನ್ನಂಬಾಡಿಯಲ್ಲಿ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟ ದಿನವೇ ಮದ್ದೂರು, ಮಳವಳ್ಳಿ ಕಡೆಯ ಕೊನೆ ಗದ್ದೆಗೆ ನೀರು ಮುಟ್ಟುತ್ತದಾ? ಗದ್ದೆ ಒಣಗಿದೆ ಅಂತ ನೋಡಿ ತೂಬು ಎತ್ತೇ ಇಲ್ಲ ಅನ್ನುವುದು ತಪ್ಪಾಗುತ್ತದೆ.

ಒಳಗೆ ನಡೆಯುವ ಕ್ರಮ ಹೀಗೆ. ಸೋಂಕು ತಗುಲಿದ ಮೊದಲ ಒಂದು ವಾರ, ಹತ್ತು ದಿನ ಯಾವ ಟೆಸ್ಟಿಗೂ ಏನೂ ಸಿಗುವುದಿಲ್ಲ. ಆಮೇಲೆ ರಕ್ತದಲ್ಲಿ ವೈರಸ್ಸಿನ ಆರ್‌ಎನ್‌ಎ, ಅಂದರೆ ಅದರ ವಂಶವಾಹಿ ವಸ್ತು, ಕಾಣಿಸುತ್ತದೆ. ಅದಾದ ಕೆಲವು ದಿನಕ್ಕೆ ವೈರಸ್ಸಿನ ಒಂದು ಭಾಗವಾದ ಪಿ24 ಆಂಟಿಜೆನ್ ಕಾಣಿಸುತ್ತದೆ. ಆಂಟಿಬಾಡಿ ಬರುವುದು ಇವೆರಡರ ನಂತರ, ಸಾಮಾನ್ಯವಾಗಿ ಮೂರು, ನಾಲ್ಕು ವಾರದ ಹೊತ್ತಿಗೆ. ಕೆಲವರಲ್ಲಿ ಇನ್ನೂ ತಡ. ಈ ನಡುವಿನ ಕಾಲವೇ ವಿಂಡೋ ಪೀರಿಯಡ್.

ಈ ಕಾಲದಲ್ಲಿ ಕಾರ್ಡ್ ನೆಗೆಟಿವ್ ತೋರಿಸುತ್ತದೆ. ಆದರೆ ರಕ್ತದಲ್ಲಿ ವೈರಸ್ ಅತಿ ಹೆಚ್ಚು ಇರುವುದೂ ಈಗಲೇ. ಒಂದು ಮಿಲಿಲೀಟರ್ ರಕ್ತದಲ್ಲಿ 10 ಲಕ್ಷ ದಾಟುವುದೂ ಉಂಟು. ಇನ್ನೊಬ್ಬರಿಗೆ ಹರಡುವ ಸಾಧ್ಯತೆ ಬಹಳ ಜಾಸ್ತಿ ಇರುವ ದಿನಗಳಿವು. ಬೇಗ ಮಾಡಿಸಿದ ಒಂದು ನೆಗೆಟಿವ್ ರಿಪೋರ್ಟ್ ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗುವುದು ಇದಕ್ಕೇ ಅಪಾಯ.

ಹಾಗಾದ್ರೆ ಎಷ್ಟು ದಿನಕ್ಕೆ ಮಾಡಿಸಿದರೆ ನಂಬಬಹುದು?

ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕೊಟ್ಟಿರುವ ಅಂಕಿಗಳನ್ನು ಇಲ್ಲಿ ಇಡುತ್ತೇನೆ. ಕಿಟ್‌ಗಳ ನಡುವಿನ ವ್ಯತ್ಯಾಸ ಇದರಲ್ಲಿ ಚೆನ್ನಾಗಿ ಕಾಣುತ್ತದೆ. ಆಂಟಿಬಾಡಿ ಮಾತ್ರ ನೋಡುವ ಟೆಸ್ಟ್, ಅಂದರೆ ಹೆಚ್ಚಿನ ರ‍್ಯಾಪಿಡ್ ಕಾರ್ಡ್‌ಗಳು, ಸೋಂಕನ್ನು ಹಿಡಿಯುವುದು 23ರಿಂದ 90 ದಿನದ ಒಳಗೆ. ಬೆರಳು ಚುಚ್ಚಿ ಮಾಡುವ ಆಂಟಿಜೆನ್-ಆಂಟಿಬಾಡಿ ಕಾರ್ಡ್ 18ರಿಂದ 90 ದಿನದ ಒಳಗೆ. ಅದೇ ಆಂಟಿಜೆನ್-ಆಂಟಿಬಾಡಿ ಟೆಸ್ಟನ್ನು ರಕ್ತನಾಳದಿಂದ ರಕ್ತ ತೆಗೆದು ಲ್ಯಾಬ್ ಮೆಷಿನ್‌ನಲ್ಲಿ ಮಾಡಿದರೆ 18ರಿಂದ 45 ದಿನ. ಆರ್‌ಎನ್‌ಎ ಹುಡುಕುವ ಪಿಸಿಆರ್ 10ರಿಂದ 33 ದಿನ.

ಮೊದಲ ಅಂಕಿ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. 23 ದಿನ ಅಂದರೆ ಕೆಲವರಲ್ಲಿ ಅಷ್ಟು ಬೇಗ ಸಿಗಬಹುದು ಅಂತ ಅಷ್ಟೇ. ನಿಮಗೆ ಬೇಕಾದದ್ದು ಎರಡನೇ ಅಂಕಿ. ಆರು ವಾರಕ್ಕೆ ಮಾಡಿಸಿದ ರ‍್ಯಾಪಿಡ್ ಟೆಸ್ಟ್ ನೆಗೆಟಿವ್ ಬಂದರೆ ಅದು ನಿಜಕ್ಕೂ ಒಳ್ಳೆಯ ಸುದ್ದಿ, ಏಕೆಂದರೆ ಬಹುಪಾಲು ಜನರಲ್ಲಿ ಅಷ್ಟು ಹೊತ್ತಿಗೆ ಆಂಟಿಬಾಡಿ ಬಂದಿರುತ್ತದೆ. ಆದರೆ ಕಡತ ಮುಚ್ಚುವುದು ಮೂರು ತಿಂಗಳ ಟೆಸ್ಟ್ ಆದಮೇಲೆ. ನಡುವೆ ಇನ್ನೊಂದು ಅಪಾಯದ ಘಟನೆ ಆದರೆ ಎಣಿಕೆ ಮತ್ತೆ ಒಂದರಿಂದ ಶುರು.

ಕಿಟ್ ಡಬ್ಬದ ಮೇಲೆ ಶೇ. 99ಕ್ಕಿಂತ ಹೆಚ್ಚು ನಿಖರ ಅಂತ ಅಚ್ಚು ಹಾಕಿದ್ದಾರೆ. ಅದು ಸುಳ್ಳಾ?

ಸುಳ್ಳಲ್ಲ. ಆದರೆ ಯಾರ ರಕ್ತದಲ್ಲಿ ಅಳೆದದ್ದು ಅನ್ನುವುದನ್ನು ಡಬ್ಬ ಹೇಳುವುದಿಲ್ಲ. ಸೋಂಕು ಇರುವವರಲ್ಲಿ ಎಷ್ಟು ಜನರನ್ನು ಕಿಟ್ ಸರಿಯಾಗಿ ಹಿಡಿಯುತ್ತದೆ ಅನ್ನುವುದು ಸೆನ್ಸಿಟಿವಿಟಿ. ಸೋಂಕು ಇಲ್ಲದವರಲ್ಲಿ ಎಷ್ಟು ಜನರಿಗೆ ಸರಿಯಾಗಿ ಇಲ್ಲ ಅನ್ನುತ್ತದೆ ಅನ್ನುವುದು ಸ್ಪೆಸಿಫಿಸಿಟಿ. ವಿಶ್ವ ಆರೋಗ್ಯ ಸಂಸ್ಥೆ ಎಚ್‌ಐವಿ ಕಿಟ್‌ಗಳಿಗೆ ಕೇಳುವುದು ಕನಿಷ್ಠ ಶೇ. 99 ಸೆನ್ಸಿಟಿವಿಟಿ, ಶೇ. 98 ಸ್ಪೆಸಿಫಿಸಿಟಿ. ಆ ಶೇ. 99 ಬರುವುದು ಸೋಂಕು ಬೇರೂರಿ ಆಂಟಿಬಾಡಿ ತುಂಬಿರುವ ರಕ್ತದಲ್ಲಿ. ಎರಡು ವಾರದ ಹೊಸ ಸೋಂಕಿಗೆ ಆ ಅಂಕಿ ಅನ್ವಯಿಸುವುದೇ ಇಲ್ಲ. ಅಲ್ಲಿ ಅದೇ ಒಳ್ಳೆಯ ಕಿಟ್ ಹತ್ತಿರಹತ್ತಿರ ಎಲ್ಲರನ್ನೂ ತಪ್ಪಿಸಿಬಿಡಬಹುದು. ಇದು ಕಿಟ್‌ನ ದೋಷ ಅಲ್ಲ. ಅದು ಹುಡುಕುವ ವಸ್ತುವೇ ಇನ್ನೂ ರಕ್ತದಲ್ಲಿ ಇರುವುದಿಲ್ಲ.

ಪ್ರೈವೇಟ್ ಲ್ಯಾಬಿನವರು "ನಮ್ಮದು ಫೋರ್ತ್ ಜನರೇಷನ್" ಅಂತಾರೆ. ಅದಾದ್ರೆ ಬೇಗ ಗೊತ್ತಾಗುತ್ತಾ?

ಮೆಷಿನ್‌ನಲ್ಲಿ ಮಾಡುವ ಫೋರ್ತ್ ಜನರೇಷನ್ ಟೆಸ್ಟ್ ಆದರೆ ಹೌದು. ಪಿ24 ಆಂಟಿಜೆನನ್ನೂ ನೋಡುವುದರಿಂದ ಒಂದು ವಾರದಷ್ಟು ಮುಂಚೆ ಹಿಡಿಯಬಹುದು. ಆದರೆ ಫೋರ್ತ್ ಜನರೇಷನ್ ಹೆಸರಿನ ರ‍್ಯಾಪಿಡ್ ಕಾರ್ಡೂ ಇದೆ, ಅದರಲ್ಲಿ ಆಂಟಿಜೆನ್‌ಗೇ ಬೇರೆ ಗೆರೆ ಇರುತ್ತದೆ. ಈ ಗೆರೆಯ ಮೇಲೆ ಜಾಸ್ತಿ ಭರವಸೆ ಇಡಬೇಡಿ. ಆಫ್ರಿಕಾದ ಮಲಾವಿಯ ಕ್ಲಿನಿಕ್‌ಗಳಲ್ಲಿ ಇಂಥ ಒಂದು ಕಾರ್ಡನ್ನು ಪರೀಕ್ಷಿಸಿದಾಗ ಹೊಚ್ಚ ಹೊಸ ಸೋಂಕುಗಳನ್ನು ಆ ಗೆರೆ ಹಿಡಿಯಲಿಲ್ಲ. ಆಮೇಲೆ ಬಂದ ಕಾರ್ಡ್‌ಗಳು ಸುಧಾರಿಸಿವೆ, ಆದರೂ ಲ್ಯಾಬ್ ಮೆಷಿನ್‌ಗೆ ಸಮ ಅಲ್ಲ. ಹಾಗಾಗಿ ಕೌಂಟರಿನಲ್ಲಿ ಕೇಳಬೇಕಾದದ್ದು ಇಷ್ಟು: "ಕಾರ್ಡಾ, ಮೆಷಿನ್ನಾ? ರಕ್ತ ಬೆರಳಿಂದನಾ, ಕೈನಿಂದನಾ?"

ಒಂದು ಗೆರೆ ಗಾಢವಾಗಿದೆ, ಇನ್ನೊಂದು ಮಸುಕಾಗಿದೆ. ಇದು ನೆಗೆಟಿವ್ ತಾನೇ?

ಅಲ್ಲ. ಟೆಸ್ಟ್ ಜಾಗದಲ್ಲಿ ಗೆರೆ ಎಷ್ಟೇ ತೆಳುವಾಗಿದ್ದರೂ, ಹೇಳಿದ ಸಮಯದ ಒಳಗೆ ಬಂದಿದ್ದರೆ ಅದು ರಿಯಾಕ್ಟಿವ್, ಅಂದರೆ ಇನ್ನೂ ಖಚಿತ ಮಾಡಿಕೊಳ್ಳಬೇಕಾದ ಪಾಸಿಟಿವ್ ಸೂಚನೆ. ಈಗತಾನೇ ಆಂಟಿಬಾಡಿ ಶುರುವಾದವರಲ್ಲಿ ಇಂಥ ಮಸುಕು ಗೆರೆ ಬರುವುದುಂಟು. "ಏನೋ ಛಾಯೆ, ಬಿಡಿ" ಅಂದುಬಿಟ್ಟರೆ ಬಹಳ ಮುಖ್ಯವಾದ ಸುಳಿವು ಕೈತಪ್ಪುತ್ತದೆ.

ಟೆಸ್ಟ್ ಮಾಡುವುದನ್ನು ಒಮ್ಮೆ ಹತ್ತಿರದಿಂದ ನೋಡಿ. ಬೆಳ್ಳಿ ಬಣ್ಣದ ಪೊಟ್ಟಣ ಹರಿದು ಕಾರ್ಡ್ ತೆಗೆಯುತ್ತಾರೆ, ಒಳಗೆ ತೇವ ಹೀರುವ ಪುಟ್ಟ ಚೀಲ ಇರುತ್ತದೆ. ಉಂಗುರದ ಬೆರಳ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಒಣಗಲು ಬಿಟ್ಟು, ಬದಿಯಲ್ಲಿ ಚುಚ್ಚುತ್ತಾರೆ. ಮೊದಲ ಹನಿ ಒರೆಸಿಹಾಕಿ ಎರಡನೆಯದನ್ನು ಸಣ್ಣ ಡ್ರಾಪರಿನಲ್ಲಿ ಎತ್ತಿ ಗುಂಡಿಗೆ ಬಿಡುತ್ತಾರೆ. ಮೇಲೆ ಬಫರ್ ಹನಿ, ಅಂದರೆ ರಕ್ತವನ್ನು ಪಟ್ಟಿಯ ಮೇಲೆ ಹರಿಸುವ ದ್ರಾವಣ. ರಕ್ತದ ಕೆಂಪು ನಿಧಾನವಾಗಿ ಪಟ್ಟಿಯ ಉದ್ದಕ್ಕೂ ಹರಿದು ಹಿಂದಿನ ಬಿಳಿ ತಿಳಿಯಾಗುತ್ತದೆ, ಆಗ ಗೆರೆ ಮೂಡುತ್ತದೆ. ಹೆಚ್ಚಿನ ಕಾರ್ಡ್‌ಗಳನ್ನು 15ರಿಂದ 20 ನಿಮಿಷಕ್ಕೆ ಓದಬೇಕು, ಸರಿಯಾದ ಸಮಯ ಆಯಾ ಕಿಟ್‌ನ ಚೀಟಿಯಲ್ಲೇ ಇರುತ್ತದೆ. ಐದು ನಿಮಿಷಕ್ಕೆ ಓದಿದರೆ ತಡವಾಗಿ ಮೂಡುವ ಗೆರೆ ತಪ್ಪುತ್ತದೆ. ಟೀ ಕುಡಿದು ಒಂದು ಗಂಟೆ ಬಿಟ್ಟು ಬಂದು ಓದಿದರೆ ಇಲ್ಲದ ಗೆರೆ ಕಾಣಬಹುದು.

ಗೆರೆ ಬದಲು ಚುಕ್ಕೆ ಬರುವ ಕಿಟ್‌ಗಳೂ ಇವೆ. ನಮ್ಮ ದೇಶದಲ್ಲೇ ತಯಾರಾಗುವ ಟ್ರೈ-ಡಾಟ್ ಅಂಥದ್ದು. ಅದರಲ್ಲಿ ಟೆಸ್ಟ್ ಸರಿಯಾಗಿ ನಡೆಯಿತಾ ಎಂದು ತೋರಿಸುವ ಒಂದು ಕಂಟ್ರೋಲ್ ಚುಕ್ಕೆ, ಎಚ್‌ಐವಿ-1ಕ್ಕೆ ಒಂದು, ಎಚ್‌ಐವಿ-2ಕ್ಕೆ ಒಂದು. ಕಂಟ್ರೋಲ್ ಬರದಿದ್ದರೆ ಆ ಟೆಸ್ಟ್ ಲೆಕ್ಕಕ್ಕಿಲ್ಲ, ಹೊಸದು ಮಾಡಲೇಬೇಕು. ಕಂಟ್ರೋಲ್ ಬಂದ ಮಾತ್ರಕ್ಕೆ ಎಲ್ಲ ಸರಿ ಅಂತಲೂ ಅಲ್ಲ. ಎಷ್ಟೋ ಕಿಟ್‌ಗಳಲ್ಲಿ ರಕ್ತ ಸಾಕಷ್ಟು ಬೀಳದಿದ್ದರೂ ಬಫರ್ ಹರಿದರೆ ಸಾಕು, ಕಂಟ್ರೋಲ್ ಮೂಡಿಬಿಡುತ್ತದೆ.

ಆನ್‌ಲೈನ್‌ನಲ್ಲಿ ಕಿಟ್ ತರಿಸಿ ಮನೆಯಲ್ಲೇ ನೋಡಿಕೊಳ್ಳಬಹುದಾ?

ನಾಚಿಕೆ, ಭಯದಿಂದ ಇದನ್ನು ಕೇಳುತ್ತಾರೆ, ಅದು ಅರ್ಥವಾಗುತ್ತದೆ. ಆದರೆ ಆರಂಭದ ಸೋಂಕಿನ ವಿಷಯದಲ್ಲಿ ಮನೆ ಟೆಸ್ಟ್ ದುರ್ಬಲ. ಒಸಡು ಒರೆಸಿ ಮಾಡುವ ಟೆಸ್ಟ್ ಇನ್ನೂ ದುರ್ಬಲ, ಏಕೆಂದರೆ ಬಾಯಿಯ ದ್ರವದಲ್ಲಿ ಆಂಟಿಬಾಡಿ ರಕ್ತದಲ್ಲಿರುವುದಕ್ಕಿಂತ ತುಂಬಾ ಕಡಿಮೆ. ಅಮೆರಿಕದಲ್ಲಿ 2012ರಲ್ಲಿ ಒಪ್ಪಿಗೆ ಪಡೆದ ಬಾಯಿ ದ್ರವದ ಮನೆ ಟೆಸ್ಟನ್ನು ಜನರೇ ಮಾಡಿಕೊಂಡಾಗ ಸೋಂಕಿದ್ದ ಪ್ರತಿ 12 ಜನರಲ್ಲಿ ಸುಮಾರು ಒಬ್ಬರು ತಪ್ಪಿಹೋದರು. ಬಿಸಿಲಿನ ಮಾತೂ ಇದೆ. ಎಷ್ಟೋ ಕಿಟ್‌ಗಳನ್ನು 30 ಡಿಗ್ರಿ ಒಳಗೆ ಇಡಬೇಕು. ಏಪ್ರಿಲ್‌ನಲ್ಲಿ ಡೆಲಿವರಿ ಗಾಡಿಯಲ್ಲಿ ದಿನವಿಡೀ ಬಿಸಿಲಿಗೆ ಬೆಂದ ಪೊಟ್ಟಣದ ಫಲಿತಾಂಶ ನನಗಂತೂ ಬೇಡ. ಐಸಿಟಿಸಿಯಲ್ಲಿ, ಅಂದರೆ ಸರ್ಕಾರದ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಟೆಸ್ಟ್ ಉಚಿತ, ಜೊತೆಗೆ ಮಾತಾಡಲು ಒಬ್ಬರು ಇರುತ್ತಾರೆ.

ಒಂದು ಕಾರ್ಡ್‌ನಲ್ಲಿ ಪಾಸಿಟಿವ್ ಬಂದಿದೆ. ಮುಗೀತಾ?

ಇಲ್ಲ, ಇನ್ನೂ ಏನೂ ತೀರ್ಮಾನ ಆಗಿಲ್ಲ. ಒಂದು ಲೆಕ್ಕ ಮಾಡೋಣ. ದೇಶದ ವಯಸ್ಕರಲ್ಲಿ ಎಚ್‌ಐವಿ ಇರುವವರು ಸುಮಾರು ಶೇ. 0.2. ಅಂದರೆ 10,000 ಜನರಲ್ಲಿ 20 ಮಂದಿ. ಕರ್ನಾಟಕದಲ್ಲಿ ಅದಕ್ಕಿಂತ ಜಾಸ್ತಿ, ಆದರೂ ಶೇ. 1ಕ್ಕಿಂತ ಕಡಿಮೆ. ಸ್ಪೆಸಿಫಿಸಿಟಿ ಶೇ. 98 ಇರುವ ಕಿಟ್‌ನಿಂದ ಆ 10,000 ಜನರನ್ನೂ ಪರೀಕ್ಷಿಸಿದರೆ ನಿಜವಾದ 20 ಜನರ ಜೊತೆ ಸೋಂಕೇ ಇಲ್ಲದ ಸುಮಾರು 200 ಜನರಲ್ಲೂ ಗೆರೆ ಮೂಡುತ್ತದೆ. ಒಳ್ಳೆಯ ಕಿಟ್‌ಗಳು ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೂ ಒಂದೇ ಕಾರ್ಡ್ ನಂಬಿ ಯಾರಿಗೂ "ನಿಮಗೆ ಎಚ್‌ಐವಿ ಇದೆ" ಅನ್ನಬಾರದು.

ಅದಕ್ಕೇ ಕೇಂದ್ರ ಸರ್ಕಾರದ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೋದ ನಿಯಮದಂತೆ ಐಸಿಟಿಸಿಯಲ್ಲಿ, ಮೊದಲ ಟೆಸ್ಟ್ ರಿಯಾಕ್ಟಿವ್ ಬಂದ ಲಕ್ಷಣವಿಲ್ಲದ ವ್ಯಕ್ತಿಗೆ ಬೇರೆ ಬೇರೆ ಕಿಟ್‌ಗಳಿಂದ ಒಟ್ಟು ಮೂರು ಟೆಸ್ಟ್ ಮಾಡುತ್ತಾರೆ. ಮೂರೂ ರಿಯಾಕ್ಟಿವ್ ಆದರೆ ಮಾತ್ರ ಪಾಸಿಟಿವ್. ಶಿಬಿರದಲ್ಲೋ ಸಣ್ಣ ಕ್ಲಿನಿಕ್ಕಿನಲ್ಲೋ ಒಂದೇ ಕಾರ್ಡ್ ನೋಡಿ ಹೇಳಿದ್ದರೆ ಐಸಿಟಿಸಿಗೆ ಹೋಗಿ ಖಚಿತ ಮಾಡಿಕೊಳ್ಳಿ. ಅಲ್ಲಿಯವರೆಗೆ ಮನೆಯಲ್ಲಿ ರಂಪ ಬೇಡ, ದುಡುಕಿ ಯಾವ ನಿರ್ಧಾರವೂ ಬೇಡ.

ಖಚಿತವಾದರೂ ಇವತ್ತಿನ ಪರಿಸ್ಥಿತಿ ಬೇರೆ. 2017ರಿಂದ ದೇಶದಲ್ಲಿ ರಕ್ತದಲ್ಲಿ ರೋಗನಿರೋಧಕ ಸಿಡಿ4 ಕಣಗಳು ಎಷ್ಟೇ ಇದ್ದರೂ ಪಾಸಿಟಿವ್ ಬಂದ ಎಲ್ಲರಿಗೂ ವೈರಸ್ಸನ್ನು ಅದುಮಿಡುವ ಎಆರ್‌ಟಿ ಮಾತ್ರೆ ಉಚಿತವಾಗಿ ಶುರು ಮಾಡುತ್ತಾರೆ. ತಪ್ಪದೆ ನುಂಗಿ ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ.

ಮೂರು ಟೆಸ್ಟಿನಲ್ಲಿ ಒಂದು ಹೌದು, ಇನ್ನೊಂದು ಇಲ್ಲ ಅಂತಿದೆ. ಲ್ಯಾಬಿನವರು ಎಡವಟ್ಟು ಮಾಡಿದ್ರಾ?

ಹಾಗೇನಿಲ್ಲ. ಒಂದು ಕಿಟ್ ಇನ್ನೊಂದಕ್ಕಿಂತ ಕೆಲವು ದಿನ ಮುಂಚೆ ಹಿಡಿಯಬಲ್ಲದು. ಆಂಟಿಬಾಡಿ ಈಗತಾನೇ ಹುಟ್ಟುತ್ತಿದ್ದರೆ ಇಂಥ ಫಲಿತಾಂಶ ಬರುತ್ತದೆ. ಸೋಂಕೇ ಇಲ್ಲದೆ ಒಂದು ಕಿಟ್ ಸುಮ್ನೆ ರಿಯಾಕ್ಟ್ ಆಗಿರುವುದೂ ಸಾಧ್ಯ. ಎರಡರಿಂದ ನಾಲ್ಕು ವಾರದ ನಂತರ ಮತ್ತೆ ಕರೆಯುತ್ತಾರೆ. ಆ ತಾರೀಕು ತಪ್ಪಿಸಬೇಡಿ.

ಜ್ವರ, ಗಂಟಲು ನೋವು, ಮೈಮೇಲೆ ಗಂಧೆ ಬಂದಿದೆ. ಡೆಂಗಿ ಟೆಸ್ಟ್ ನೆಗೆಟಿವ್. ಎಚ್‌ಐವಿನೇ ಇರಬೇಕಾ?

ಲಕ್ಷಣ ನೋಡಿ ಹೇಳಲು ಆಗುವುದಿಲ್ಲ. ಹೊಸ ಸೋಂಕಿನಲ್ಲಿ ಎರಡರಿಂದ ನಾಲ್ಕು ವಾರಕ್ಕೆ ಕೆಲವರಿಗೆ ಜ್ವರ, ಗಂಟಲು ನೋವು, ಗಂಧೆ, ಕುತ್ತಿಗೆಯಲ್ಲಿ ಗಡ್ಡೆ, ಬಾಯಿ ಹುಣ್ಣು ಬರುತ್ತವೆ. ಚಿಕೂನ್‌ಗುನ್ಯಾ, ಫ್ಲೂ, ಮಾಮೂಲಿ ವೈರಲ್ ಜ್ವರದಲ್ಲೂ ಇವೇ ಬರುತ್ತವೆ. ಇನ್ನು ಕೆಲವರಿಗೆ ಸೋಂಕಿದ್ದರೂ ಏನೂ ಆಗುವುದಿಲ್ಲ. ಆದರೆ ಹಿಂದಿನ ತಿಂಗಳು ಅಪಾಯದ ಸಂಪರ್ಕ ಆಗಿದ್ದು ಈಗ ಇಂಥ ಜ್ವರ ಬಂದಿದ್ದರೆ ಡಾಕ್ಟರಿಗೆ ಅದನ್ನು ಬಾಯಿಬಿಟ್ಟು ಹೇಳಿ. ಹೇಳದೆ ಅವರಿಗೆ ಹೊಳೆಯುವುದಿಲ್ಲ. ಈ ಹೊತ್ತಿನಲ್ಲಿ ರ‍್ಯಾಪಿಡ್ ಕಾರ್ಡ್ ನೆಗೆಟಿವ್ ಬಂದರೂ ಅವರು ಲ್ಯಾಬ್ ಮೆಷಿನ್ ಟೆಸ್ಟನ್ನೋ ಪಿಸಿಆರನ್ನೋ ಬರೆದುಕೊಡಬಹುದು. ಪಿಸಿಆರ್ ಎಲ್ಲರಿಗೂ ಬೇಕಿಲ್ಲ. ಖರ್ಚೂ ಜಾಸ್ತಿ. ದೊಡ್ಡವರಲ್ಲಿ ಮುಖ್ಯವಾಗಿ ಇಂಥ ಜ್ವರ ಇದ್ದವರಿಗೆ ಅದರಿಂದ ನಿಜವಾದ ಉಪಯೋಗ.

ಪೆಪ್ ಮಾತ್ರೆ ನುಂಗಿದ್ದೆ. ಟೆಸ್ಟ್ ತಪ್ಪು ತೋರಿಸುತ್ತಾ?

ಮಾತ್ರೆ ವೈರಸ್ಸನ್ನು ಅದುಮಿಟ್ಟರೆ ಆಂಟಿಬಾಡಿ ಹುಟ್ಟುವುದೂ ತಡವಾಗಬಹುದು. ಅದಕ್ಕೆ ಪೆಪ್ ಮುಗಿದ ಮೇಲೂ ಡಾಕ್ಟರು ಹೇಳಿದ ಪ್ರತಿ ಟೆಸ್ಟಿಗೂ ಹೋಗಬೇಕು. ಇದೇ ಕಾರಣಕ್ಕೆ, ಎಆರ್‌ಟಿ ತೆಗೆದುಕೊಳ್ಳುತ್ತಿರುವವರು ವಾಸಿ ಆಯ್ತಾ ಅಂತ ರ‍್ಯಾಪಿಡ್ ಟೆಸ್ಟ್ ಮಾಡಿಸಿಕೊಳ್ಳಬಾರದು. ತೀರಾ ಆರಂಭದಲ್ಲೇ ಮಾತ್ರೆ ಶುರು ಮಾಡಿದವರಲ್ಲಿ ಅದು ನೆಗೆಟಿವ್ ತೋರಿಸಬಹುದು. ವೈರಸ್ ಮಾತ್ರ ದೇಹದಲ್ಲೇ ಇರುತ್ತದೆ.

ಮುಂದಿನ ತಿಂಗಳು ಮದುವೆ. ಗಂಡಿನ ಕಡೆಯವರು ನೆಗೆಟಿವ್ ರಿಪೋರ್ಟ್ ತೋರಿಸಿದ್ದಾರೆ, ಸಾಕಾ?

ಆ ಕಾಗದ ಹೇಳುವುದು ಟೆಸ್ಟ್ ಮಾಡಿದ ದಿನಕ್ಕಿಂತ ಮೂರು ತಿಂಗಳು ಹಿಂದಿನವರೆಗಿನ ಮಾತು. ಅದರ ಈಚೆಗೆ ನಡೆದದ್ದರ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ನಮ್ಮ ಕಡೆ ಕಾಗದ ತಂದು ತೋರಿಸುವುದು ಶಾಸ್ತ್ರದ ಹಾಗೆ ಆಗಿಬಿಟ್ಟಿದೆ, ಹುಡುಗ ಹುಡುಗಿ ಕೂತು ಮಾತಾಡುವುದು ಕಡಿಮೆ. ಇಬ್ಬರೂ ಒಟ್ಟಿಗೆ ಐಸಿಟಿಸಿಗೆ ಹೋಗಿ ಆಪ್ತಸಮಾಲೋಚಕರ ಮುಂದೆ ಕೂತರೆ, ಇತ್ತೀಚೆಗೆ ಅಪಾಯ ಇತ್ತಾ, ಮತ್ತೆ ಯಾವಾಗ ಮಾಡಿಸಬೇಕು ಅನ್ನುವುದು ತಾನಾಗೇ ಹೊರಬರುತ್ತದೆ. ಒಪ್ಪಿಗೆ ಇಲ್ಲದೆ ಯಾರಿಗೂ ಟೆಸ್ಟ್ ಮಾಡುವಂತಿಲ್ಲ. ಹುಡುಗಿಗೆ ಮಾತ್ರ ಮಾಡಿಸಿ ಅನ್ನುವುದೂ ನ್ಯಾಯ ಅಲ್ಲ.

ರಕ್ತದಾನ ಮಾಡಿದರೆ ಅವರೇ ಟೆಸ್ಟ್ ಮಾಡ್ತಾರಲ್ಲ, ಅದೇ ಸುಲಭ ಅಲ್ವಾ?

ಖಂಡಿತ ಬೇಡ. ಈ ಪುಟದಲ್ಲಿ ಒಂದೇ ಒಂದು ವಿಷಯದಲ್ಲಿ ಕೈಮುಗಿದು ಕೇಳಿಕೊಳ್ಳುವುದಾದರೆ ಅದು ಇದು. ವಿಂಡೋ ಪೀರಿಯಡ್‌ನಲ್ಲಿರುವ ರಕ್ತ ಬ್ಲಡ್ ಬ್ಯಾಂಕಿನ ಟೆಸ್ಟನ್ನೂ ದಾಟಿಬಿಡಬಹುದು. ಆ ಚೀಲ ಹೋಗುವುದು ಹೆರಿಗೆಯಲ್ಲಿ ರಕ್ತ ಹೋಗುತ್ತಿರುವ ತಾಯಿಗೋ, ತಿಂಗಳು ತಿಂಗಳು ರಕ್ತ ಹಾಕಿಸಿಕೊಳ್ಳುವ ಥಲಸ್ಸೇಮಿಯಾ ಮಗುವಿಗೋ. ಅನುಮಾನ ಇದ್ದರೆ ದಾನ ಮಾಡಬೇಡಿ. ಕ್ಯಾಂಪಿನಲ್ಲಿ ಗೆಳೆಯರ ಒತ್ತಾಯ ಇದ್ದರೆ "ಮೊನ್ನೆ ಜ್ವರ ಇತ್ತು" ಅಂತ ಹೇಳಿ ಎದ್ದುಬನ್ನಿ.

ತಾಯಿಗೆ ಎಚ್‌ಐವಿ ಇದೆ. ಮಗುವಿನ ರ‍್ಯಾಪಿಡ್ ಟೆಸ್ಟ್ ಪಾಸಿಟಿವ್ ಬಂದಿದೆ.

ತಾಯಿಯ ಆಂಟಿಬಾಡಿ ಮಗುವಿನ ರಕ್ತದಲ್ಲಿ 18 ತಿಂಗಳವರೆಗೂ ಉಳಿಯಬಹುದು. ಹಾಗಾಗಿ ಅಷ್ಟರೊಳಗೆ ಕಾರ್ಡ್‌ನಲ್ಲಿ ಗೆರೆ ಬಂದರೆ ಅದು ಮಗುವಿನ ಸೋಂಕೋ ತಾಯಿಯ ಆಂಟಿಬಾಡಿಯೋ ಹೇಳಲಾಗದು. ಆರು ವಾರಕ್ಕೆ ಹಿಮ್ಮಡಿ ಚುಚ್ಚಿ, ರಕ್ತವನ್ನು ಕಾಗದದ ಮೇಲೆ ಒಣಗಿಸಿ, ಪಿಸಿಆರ್‌ಗೆ ಕಳಿಸುತ್ತಾರೆ. ಅದನ್ನು ಕೇಳಿ ಮಾಡಿಸಿ.

ಎಲ್ಲಿ ಮಾಡಿಸಬೇಕು? ಊರಿನವರಿಗೆ ಗೊತ್ತಾದ್ರೆ?

ಕೆ.ಆರ್. ಆಸ್ಪತ್ರೆ, ಮಿಮ್ಸ್, ತಾಲ್ಲೂಕು ಆಸ್ಪತ್ರೆಗಳ ಐಸಿಟಿಸಿಯಲ್ಲಿ ಉಚಿತ. ಮೈಸೂರಿನಲ್ಲಿ ಆಶಾ ಕಿರಣ ಆಸ್ಪತ್ರೆ ಮೊದಲಿನಿಂದ ಎಚ್‌ಐವಿ ಇರುವವರಿಗಾಗಿ ಕೆಲಸ ಮಾಡುತ್ತಿದೆ. ಲೈಂಗಿಕ ಕಾರ್ಯಕರ್ತರು ತಾವೇ ಕಟ್ಟಿಕೊಂಡ ಆಶೋದಯ ಸಮಿತಿಯೂ ಅಲ್ಲೇ ಇದೆ. ಎಲ್ಲಿಗೆ ಹೋಗಬೇಕು ಅಂತ ತಿಳಿಯದಿದ್ದರೆ ನ್ಯಾಕೋ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಹಿಡಿಯುವುದಿಲ್ಲ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆ ಪಡೆಯದೆ ಟೆಸ್ಟ್ ಮಾಡುವುದು, ಫಲಿತಾಂಶ ಬೇರೆಯವರಿಗೆ ಹೇಳುವುದು, ಎಚ್‌ಐವಿ ಇದೆ ಅಂತ ಕೆಲಸದಿಂದ ತೆಗೆಯುವುದು ಅದರ ಪ್ರಕಾರ ತಪ್ಪು. ಆದರೂ ಪರಿಚಯದವರ ಕಣ್ಣಿಗೆ ಬೀಳುವ ಭಯ ಇದ್ದರೆ ಮಳವಳ್ಳಿಯವರು ಮೈಸೂರಿಗೆ, ಮೈಸೂರಿನವರು ಮಂಡ್ಯಕ್ಕೆ ಹೋಗಿ ಮಾಡಿಸಿ. ಯಾರೂ ಬೇಡ ಅನ್ನುವುದಿಲ್ಲ.

ಮೂರು ತಿಂಗಳ ಟೆಸ್ಟೂ ನೆಗೆಟಿವ್. ಆದ್ರೂ ಭಯ ಹೋಗ್ತಿಲ್ಲ, ಇನ್ನೊಂದು ಸಲ ಮಾಡಿಸಲಾ?

ಹೊಸ ಅಪಾಯ ಇಲ್ಲ, ಪೆಪ್ ತೆಗೆದುಕೊಂಡಿಲ್ಲ ಅಂದರೆ ಬೇಡ. ಲ್ಯಾಬ್ ಬದಲಿಸಿ ಬದಲಿಸಿ ಮಾಡಿಸುತ್ತಾ ಹೋದರೆ ಎಲ್ಲೋ ಒಂದು ಕಡೆ ಸುಳ್ಳು ಗೆರೆ ಬಂದು ಮತ್ತೆ ತಿಂಗಳುಗಟ್ಟಲೆ ನಿದ್ದೆ ಕೆಡುವ ಸಾಧ್ಯತೆಯೇ ಜಾಸ್ತಿ. ಈಗ ಉಳಿದಿರುವುದು ಸೋಂಕಲ್ಲ, ಆತಂಕ. ಅದಕ್ಕೂ ಚಿಕಿತ್ಸೆ ಇದೆ. ನಿಮಗೆ ಟೆಸ್ಟ್ ಮಾಡಿಸಿದ ಆಪ್ತಸಮಾಲೋಚಕರ ಹತ್ತಿರವೇ ವಾಪಸ್ ಹೋಗಿ, ಊಟ ಸೇರುತ್ತಿಲ್ಲ, ನಿದ್ದೆ ಬರುತ್ತಿಲ್ಲ ಅನ್ನುವುದನ್ನು ಇದ್ದಹಾಗೆ ಹೇಳಿ. ಎದುರು ಕೂತು ಹೇಳಲು ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.